ಮೆಷಿನ್ ಗನ್ನಿಗೆ ಅಕ್ಕಿ ಹಾಕಿದ ಸುಬೇದಾರರು

ಆ ಶನಿವಾರ ಬೆಳಗಿನ ಕೆಲಸಕ್ಕೆ ನನಗೆ ಎಂಟುನೂರು ಡಾಲರ್ ಖರ್ಚು ಬಿತ್ತು. ಗುಂಡು ಹಾರಿಸುವ ರೇಂಜಿನ ಬಾಡಿಗೆ, ಗುಂಡುಗಳ ಬೆಲೆ, ಮೆಲ್ಬರ್ನಿನಿಂದ ಸಿಡ್ನಿಗೆ ವ್ಯಾನು ಓಡಿಸಿದ ಪೆಟ್ರೋಲು ಎಲ್ಲ ಅದರಲ್ಲೇ. ರೇಂಜಿನವರು ಮೊದಲು ಹೇಳಿದ ರೇಟು ಇದಕ್ಕಿಂತ ಬಹಳ ಹೆಚ್ಚಿತ್ತು. ಆದರೆ ಬೆಳಗಿನ ಮೊದಲ ಹೊತ್ತನ್ನು ಯಾರೂ ಬುಕ್ ಮಾಡುವುದಿಲ್ಲ, ಅದನ್ನೇ ಕೇಳಿದರೆ ಇಳಿಸುತ್ತಾರೆ. ನೀವೂ ಎಲ್ಲಿ ಏನು ಬಾಡಿಗೆಗೆ ತೆಗೆದುಕೊಂಡರೂ ಯಾರಿಗೂ ಬೇಡವಾದ ಹೊತ್ತು ಯಾವುದು ಎಂದು ಮೊದಲು ವಿಚಾರಿಸಿ. ಇಷ್ಟು ಖರ್ಚು ಮಾಡಿದ್ದು ಯಾಕೆಂದರೆ ನನಗೆ ಒಂದು ಮೆಷಿನ್ ಗನ್ನಿನ ಸದ್ದು ಬೇಕಾಗಿತ್ತು. ಸದ್ದು ಮಾತ್ರ.

ನನ್ನ ಕಸುಬೇ ಅಂಥದು. ಹುಬ್ಬಳ್ಳಿಯಿಂದ ಆಸ್ಟ್ರೇಲಿಯಾಕ್ಕೆ ಓದಲು ಬಂದವನು ಟ್ಯಾಕ್ಸಿ ಓಡಿಸಿದೆ, ಆಮೇಲೆ ಒಂದು ವ್ಯಾನು ಕೊಂಡೆ, ಆಮೇಲೆ ಮದುವೆಗೆ ಜನರೇಟರು, ಸಿನಿಮಾ ಶೂಟಿಂಗಿಗೆ ಕುರ್ಚಿ, ಹೀಗೆ ಯಾರು ಏನು ಕೇಳಿದರೂ ಒದಗಿಸುವವನಾದೆ. ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿ ಮನೆ ಮಾಡಿದ್ದ ಮೈಸೂರಿನ ಸೌಂಡ್ ಇಂಜಿನಿಯರ್ ಒಬ್ಬ ಕಂಪ್ಯೂಟರ್ ಗೇಮ್ ಮಾಡುವ ಕಂಪನಿಯಲ್ಲಿದ್ದ. ಅವನಿಗೆ ಯುದ್ಧದ ಆಟವೊಂದಕ್ಕೆ ಅಸಲಿ ಸದ್ದು ಬೇಕಾಗಿತ್ತು. ಈ ದೇಶದಲ್ಲಿ ಮೆಷಿನ್ ಗನ್ ಎಂದು ಬಾಯಲ್ಲಿ ಅಂದರೂ ಪೊಲೀಸರು ಮನೆಗೆ ಬರುತ್ತಾರೆ. ಆದರೆ ಸಿಡ್ನಿಯ ಪಶ್ಚಿಮದ ಕಡೆ, ಎಲ್ಲ ಪರವಾನಗಿ ಇದ್ದ ಒಂದು ಬಂದೂಕಿನ ಅಂಗಡಿಯಲ್ಲಿ, ಸೈನ್ಯದ ಮೆಷಿನ್ ಗನ್ನಿನ ನಾಗರಿಕ ತಮ್ಮ ಎನ್ನಬಹುದಾದ ಒಂದು ಇತ್ತು. ನೋಡಲು ಅದೇ ರೂಪ, ಅದೇ ತೂಕ, ನೆತ್ತಿಯ ಮೇಲೆ ಗುಂಡು ತುಂಬುವ ಅದೇ ಬಾಗಿದ ಮ್ಯಾಗಜೀನು. ವ್ಯತ್ಯಾಸ ಒಂದೇ: ಅದು ಸುರಿಮಳೆ ಸುರಿಸುವುದಿಲ್ಲ, ಒಂದು ಸಲ ಕುದುರೆ, ಅಂದರೆ ಟ್ರಿಗರ್, ಎಳೆದರೆ ಒಂದೇ ಗುಂಡು. ಕಾನೂನು ಅದನ್ನು ಅಂಗಡಿಯಲ್ಲಿ ಇರಲು ಬಿಟ್ಟಿದ್ದೂ ಆ ಒಂದಕ್ಕೇ. ಒಂದೊಂದೇ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಕಂಪ್ಯೂಟರಿನಲ್ಲಿ ಪೋಣಿಸಿಕೊಳ್ಳುತ್ತೇನೆ ಎಂದಿದ್ದ ಇಂಜಿನಿಯರ್. ಅಂಗಡಿಯವರಿಗೂ ಅದನ್ನು ರೇಂಜಿನಲ್ಲಿ ಹಾರಿಸಿ ಪರೀಕ್ಷಿಸುವುದಿತ್ತು. ಎರಡೂ ಕೆಲಸ ಒಂದೇ ಬೆಳಗ್ಗೆ ಮುಗಿಯಲಿ ಎಂದು ನಾನು ಗಂಟು ಹಾಕಿದೆ.

ಪರೀಕ್ಷೆ ಮಾಡಬೇಕಾಗಿದ್ದವರು ಸುಬೇದಾರರು. ಕಳೆದ ತಿಂಗಳು ಮೆಲ್ಬರ್ನಿನ ಹೊರಭಾಗದ ವಿಂಡಮ್ ವೇಲಿನ ಮಗಳ ಮನೆಯಲ್ಲಿ ತೀರಿಕೊಂಡರು. ಹೆಸರು ಬರೆಯಬೇಡಿ ಎಂದು ಮಗಳು ಹೇಳಿದ್ದಾಳೆ, ಬರೆಯುವುದಿಲ್ಲ. ಹೇಗೂ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಸುಬೇದಾರ್ರು ಅಂತಲೇ.

ನಾನು ಅವರನ್ನು ಮೊದಲು ಕಂಡದ್ದು ಸಿಡ್ನಿಯ ಹ್ಯಾರಿಸ್ ಪಾರ್ಕಿನ ಒಂದು ಮಿಠಾಯಿ ಅಂಗಡಿಯಲ್ಲಿ, ದೀಪಾವಳಿಯ ಮುಂಚಿನ ನೂಕುನುಗ್ಗಲಲ್ಲಿ. ಎಲ್ಲರೂ ಕೈ ಚಾಚಿ ಕೂಗುತ್ತಿದ್ದಾಗ, ಬಿಳಿ ಮೀಸೆಯ ಒಬ್ಬರು ಬಾಗಿಲ ಬಳಿ ನಿಂತು, "ಒಂದ್ ಲೈನ್! ಒಂದ್ ಲೈನ್! ಆಂಟಿ, ನೀವು ಹಿಂದೆ. ಭಾಯಿಸಾಬ್, ಆಪ್ ಭೀ" ಎಂದು ಇಡೀ ಅಂಗಡಿಯನ್ನು ಪೆರೇಡಿಗೆ ನಿಲ್ಲಿಸಿದರು. ಜನ ನಿಂತೂ ಬಿಟ್ಟರು! ಅಂಗಡಿಯವನು ಖುಷಿಯಾಗಿ ಕಾಲು ಕಿಲೋ ಬರ್ಫಿ ಪುಕ್ಕಟೆ ಕೊಡಲು ಹೋದರೆ ಸುಬೇದಾರರು ತಾವೇ ಸಾಲಿನ ಕೊನೆಗೆ ಹೋಗಿ ನಿಂತಿದ್ದರು. ನನ್ನ ಹಿಂದೆ. ನಾನು ತಿರುಗಿ, "ಅಂಕಲ್, ಕೊಟ್ಟಿದ್ದು ಬಿಡಬಾರದ್ರಿ" ಎಂದೆ. ಅವರು ನನ್ನ ಕೈಯಲ್ಲಿದ್ದ ಮಡಿಸಿದ ಛತ್ರಿಯ ಮೊನೆಯನ್ನು ಎರಡು ಬೆರಳಿನಿಂದ ಹಿಡಿದು ನೆಲದ ಕಡೆಗೆ ತಿರುಗಿಸಿದರು. "ಮೊನೆ ಯಾವ ಕಡೆ ನೋಡುತ್ತೋ ಆ ಕಡೆ ನಿಮ್ಮ ಮಗು ನಿಂತಿದೆ ಅಂತ ತಿಳ್ಕೊಳ್ಳಿ ಸಾಹುಕಾರ್ರೇ" ಎಂದರು. ಅಂದಿನಿಂದ ನಾನು ಅವರಿಗೆ ಸಾಹುಕಾರ.

ಕೊಡಗಿನವರು. ಸೈನ್ಯದಲ್ಲಿ ಇಡೀ ನೌಕರಿ ಬಂದೂಕು ರಿಪೇರಿ ವಿಭಾಗದಲ್ಲೇ ಕಳೆದು, ಹೆಂಡತಿ ಹೋದ ಮೇಲೆ ಮಗಳು ಇಲ್ಲಿ ಕಾಯಂ ಇರಲು ಪಿಆರ್ ಮಾಡಿಸಿ ಕರೆಸಿಕೊಂಡಿದ್ದಳು. ಅವರಿಗೆ ಕೂರಲು ಬರುತ್ತಿರಲಿಲ್ಲ. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಲೇ ಇರುವರು, ಎಣ್ಣೆ ಪಸೆ ಇದೆಯೋ ಇಲ್ಲವೋ ಎಂದು ನೋಡುವವರಂತೆ. ಯಾರ ಮನೆಗೆ ಊಟಕ್ಕೆ ಕರೆದರೂ ಎಲೆ ಹಾಕುವುದರೊಳಗೆ ಅಡುಗೆಮನೆಯ ಸಡಿಲ ಹಿಡಿಕೆ ಬಿಗಿಯಾಗಿರುತ್ತಿತ್ತು, ಕುಕ್ಕರಿನ ಸೀಟಿ ಬಿಚ್ಚಿಕೊಂಡಿರುತ್ತಿತ್ತು. ಮೊಮ್ಮಗಳು, "ತಾತ, ಸ್ಟಾಪ್ ಫಿಕ್ಸಿಂಗ್ ಥಿಂಗ್ಸ್!" ಎಂದು ಕೂಗಿದರೆ, "ನೀನು ಕನ್ನಡದಲ್ಲಿ ಹೇಳು, ನಿಲ್ಲಿಸ್ತೇನೆ" ಎನ್ನುವರು. ಅವಳು ಹೇಳುತ್ತಿರಲಿಲ್ಲ, ಅವರು ನಿಲ್ಲಿಸುತ್ತಿರಲಿಲ್ಲ.

"ಮನೇಲಿ ನಾನೇನ್ ಮಾಡ್ಲಿ ಸಾಹುಕಾರ್ರೇ?" ಎಂದು ಒಮ್ಮೆ ಕೇಳಿದರು. "ಬೆಳಗ್ಗೆ ಬಟ್ಟೆ ಒಣಗಿಸೋದು. ಮಳೆ ಬಂದ್ರೆ ಎತ್ತೋದು. ಬರ್ಲಿಲ್ಲ ಅಂದ್ರೆ ಬರುತ್ತೇನೋ ಅಂತ ನೋಡ್ತಾ ನಿಲ್ಲೋದು. ಇದೂ ಒಂದು ಡ್ಯೂಟಿಯಾ?"

ಆ ಬಂದೂಕಿನ ಅಂಗಡಿಗೆ ಅವರನ್ನು ಸೇರಿಸಿದ್ದು ನಾನೇ. ಯಜಮಾನ ವಯಸ್ಸಾದ ಆಸ್ಟ್ರೇಲಿಯನ್, ಸೊಂಟ ನೋವು, ಬೆಂಚಿನ ಮುಂದೆ ನಿಲ್ಲಲಾಗುತ್ತಿರಲಿಲ್ಲ. ನಾನು ಸುಬೇದಾರರ ಪರವಾಗಿ ಸಂಬಳ ಏರಿಸಿ ಏರಿಸಿ ಒಂದು ಹಂತಕ್ಕೆ ತಂದು ನಿಲ್ಲಿಸಿದ್ದೆ. ಅಷ್ಟರಲ್ಲಿ ಇವರು ಬಾಯಿ ಹಾಕಿ, "ಸರ್, ಮೊದಲು ನನ್ನ ಕೆಲಸ ನೋಡಿ. ಕೆಲಸ ನೋಡೋ ಮೊದಲು ಇಷ್ಟು ಜಾಸ್ತಿ" ಎಂದರು. ನಾನು ಕಟ್ಟಿದ್ದೆಲ್ಲ ಕುಸಿಯಿತು. ಹೊರಗೆ ಬಂದು ರೇಗಿದೆ. ಅವರು ಬೆರಳು ಉಜ್ಜುತ್ತ ಬೆಂಚಿನ ಅಳತೆ ಹೇಳುತ್ತಿದ್ದರು. ನಿಮಗೆ ಒಂದು ಮಾತು: ಇನ್ನೊಬ್ಬರ ಪರವಾಗಿ ಚೌಕಾಸಿ ಮಾಡುವಾಗ ಅವರನ್ನು ಕಾರಿನಲ್ಲೇ ಕೂರಿಸಿ ಹೋಗಿ.

ವಾರಕ್ಕೆ ಎರಡು ದಿನದ ಕೆಲಸ ಮೂರಾಯಿತು. ಯಜಮಾನ ಅವರನ್ನು ಬಹಳ ಮೆಚ್ಚಿಕೊಂಡ. ಈ ಸೆಮಿ ಆಟೊಮ್ಯಾಟಿಕ್ ಬಂದೂಕನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನು ಸರಿಮಾಡಿ, ಜೋಡಿಸಿದ್ದು ಅವರೇ. ಅದು ರೇಂಜಿನಲ್ಲಿ ಪಾಸಾದರೆ ವರ್ಕ್‌ಶಾಪು ಸುಬೇದಾರರ ಕೈಗೆ, ಸೋಮವಾರದಿಂದಲೇ, ಎಂದು ಯಜಮಾನ ಮಾತು ಕೊಟ್ಟಿದ್ದ. ಆ ವಾರವೆಲ್ಲ ಅವರು ಫೋನಿನಲ್ಲಿ ಬೇರೆ ಏನೂ ಮಾತಾಡಲಿಲ್ಲ. ಬೆಂಚಿಗೆ ಇನ್ನೊಂದು ದೀಪ ಬೇಕು, ಬಿಡಿಭಾಗ ಕಚ್ಚಿಹಿಡಿಯುವ ವೈಸ್ ಎಡಕ್ಕೆ ಬರಬೇಕು, ಬಾಗಿಲ ಮೇಲೆ ಒಂದು ಗಡಿಯಾರ. ಮಗಳು ನನಗೆ ಬೇರೆಯಾಗಿ ಫೋನು ಮಾಡಿ, "ಅಂಕಲ್, ಇದೊಂದು ಆಗ್ಲಿ. ಅಪ್ಪ ಹೀಗೇ ಮನೇಲಿ ಓಡಾಡ್ತಿದ್ರೆ ನಂಗೇ ಹುಚ್ಚು ಹಿಡಿಯುತ್ತೆ" ಎಂದಳು.

ಆ ಶನಿವಾರ ಕೊಡಗಿನ ಕೈಲ್ ಮುಹೂರ್ತದ ಸಮಯ. ಅಲ್ಲಿ ಕೋವಿಗೆ ಪೂಜೆ ಮಾಡುವ ಹಬ್ಬ ಅದು. ನಮ್ಮ ಕಡೆಯ ಆಯುಧಪೂಜೆಗೆ ಇನ್ನೂ ತಿಂಗಳಿತ್ತು. ನಾನು, ಇಂಜಿನಿಯರ್ ರೇಂಜು ಮುಟ್ಟುವಾಗ ಅಂಗಡಿಯ ವ್ಯಾನು ಆಗಲೇ ಬಂದಿತ್ತು. ಸುಬೇದಾರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ಕೈಯಲ್ಲಿ ಒಂದು ಸ್ಟೀಲು ಡಬ್ಬಿ.

"ಏನ್ರೀ ಇದು, ಬುತ್ತಿ ತಂದೀರೇನು?"

"ಪೂಜೆ ಸಾಮಾನು. ಹಬ್ಬದ ದಿನ ಕೋವಿ ಹಾಗೇ ಎತ್ತಬಾರ್ದು."

ರೇಂಜ್ ಆಫೀಸರ್ ಒಬ್ಬ ಗಟ್ಟಿ ಹೆಂಗಸು, ಬಿಸಿಲಿಗೆ ಕಂದಿದ ಮುಖ, ಕುತ್ತಿಗೆಯಲ್ಲಿ ಸೀಟಿ. ಸುಬೇದಾರರನ್ನು ಸಾರ್ಜೆಂಟ್ ಎನ್ನುವ ಬದಲು ಮೊಟಕಾಗಿ ಸಾರ್ಜ್ ಎಂದು ಕರೆಯುತ್ತಿದ್ದಳು. ಪೂಜೆಗೆ ಅನುಮತಿ ಕೇಳಿದಾಗ ಅವಳಿಗೆ ನಗು. "ಬೆಂಕಿ ಇಲ್ಲ ತಾನೆ? ಗುಂಡುಗಳ ಹತ್ತಿರ ಕಡ್ಡಿ ಗೀರಿದರೆ ನಿಮ್ಮನ್ನು ನಾನೇ ಹೊರಗೆ ಹಾಕ್ತೇನೆ" ಎಂದಳು. ಊದುಬತ್ತಿ ಡಬ್ಬಿಯಲ್ಲೇ ಉಳಿಯಿತು. ಕಾಯಿಯನ್ನು ಕಾರ್ ಪಾರ್ಕಿಗೆ ಹೋಗಿ ಒಡೆದರು.

ಊರಿನಲ್ಲಾದರೆ ಕೋವಿಯ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸುತ್ತಾರಂತೆ. ಇಲ್ಲಿ ಅದು ಸಿಗದೆ, ಬೀದಿಬದಿಯ ಬಾಟಲ್‌ಬ್ರಷ್ ಗಿಡದ ಕೆಂಪು ಹೂ ತಂದಿದ್ದರು. ಬಂದೂಕನ್ನು ಮೇಜಿನ ಮೇಲೆ ಇಟ್ಟು, ಮ್ಯಾಗಜೀನ್ ಕೂರುವ ನೆತ್ತಿಯ ಬಾಯಿಯ ಮುಚ್ಚಳ ಎಳೆಯಲು ಕೈ ಹಾಕಿದರು.

"ಓಪನ್ ಇಡಿ ಸಾರ್ಜ್," ಎಂದಳು ಆಫೀಸರ್. "ಖಾಲಿ ಇದೆ ಅಂತ ನನಗೆ ಕಾಣ್ತಿರಬೇಕು."

ಇದು ಇಲ್ಲಿಯ ರೇಂಜಿನ ಮೊದಲ ಪಾಠ. ಹಾರಿಸದೆ ಇರುವಾಗ ಬಂದೂಕಿನ ಬಾಯಿ ತೆರೆದಿರಬೇಕು, ಒಳಗೆ ಗುಂಡಿಲ್ಲ ಎಂದು ಎಲ್ಲರ ಕಣ್ಣಿಗೂ ಕಾಣಬೇಕು. ಸುಬೇದಾರರು ಆ ನಿಯಮವನ್ನು ಎಷ್ಟು ಮೈಗೂಡಿಸಿಕೊಂಡಿದ್ದರೆಂದರೆ, ಕೈ ತಟ್ಟನೆ ಹಿಂದೆ ಬಂತು. "ಯೆಸ್ ಮೇಡಮ್" ಎಂದು ಬಾಯಿ ತೆರೆದೇ ಬಿಟ್ಟರು. ಹಿಡಿಯ ಮರಕ್ಕೆ ಗಂಧ ಹಚ್ಚಿದರು, ನಳಿಗೆಯ ಹೂ ಮುಟ್ಟಿ ಕಣ್ಣಿಗೊತ್ತಿಕೊಂಡರು. ಡಬ್ಬಿಯಿಂದ ಚಿಟಿಕೆ ಅಕ್ಕಿ ತೆಗೆದು, ಮಗುವಿನ ತಲೆಗೆ ಹಾಕಿ ಹರಸುವ ಹಾಗೆ ಬಂದೂಕಿನ ಮೇಲೆ ಹಾಕಿದರು. ನನಗೂ ಇಂಜಿನಿಯರನಿಗೂ ಹಾಕಲು ಹೇಳಿದರು, ಹಾಕಿದೆವು. ಆಮೇಲೆ ಹೂ ತೆಗೆದರು, ನಳಿಗೆಯೊಳಗೆ ಬೆಳಕು ಬಿಟ್ಟು ಎರಡು ಸಲ ನೋಡಿದರು, ಬ್ರಷ್ಷಿನಿಂದ ಮೇಲೆಲ್ಲ ಗುಡಿಸಿದರು.

ಮೈಕುಗಳು ನಿಂತವು. ಇಂಜಿನಿಯರ್ ಕಿವಿಗೆ ಹೆಡ್‌ಫೋನ್ ಏರಿಸಿ ಹೆಬ್ಬೆರಳು ತೋರಿಸಿದ. ಸುಬೇದಾರರು ಮಲಗಿ ಹಿಡಿದರು. ಎದುರಿಗೆ ಮಣ್ಣಿನ ದಿಬ್ಬ. ಮೊದಲ ಗುಂಡು, ಸರಿ. ಎರಡನೆಯದು, ಸರಿ. ಅವರ ಮೈಯೆಲ್ಲ ಕಲ್ಲಾಗಿತ್ತು. ಅಷ್ಟು ಹೊತ್ತು ಆ ಮನುಷ್ಯ ಅಲ್ಲಾಡದೆ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಮತ್ತೊಂದು ಎಳೆದರು.

ಡ್ರ್‌ರ್‌ರ್!

ಒಂದೇ ಎಳೆತಕ್ಕೆ ಸಾಲಾಗಿ ಹಾರಿದವು. ದಿಬ್ಬದ ಮಣ್ಣು ಮೇಲಕ್ಕೆದ್ದಿತು. ಸುಬೇದಾರರು ನಳಿಗೆಯನ್ನು ದಿಬ್ಬದಿಂದ ಕದಲಿಸದೆ, ಬೆರಳು ತೆಗೆದು, ಮ್ಯಾಗಜೀನ್ ಕಳಚಿ, ಹಿಂದೆ ಸರಿದು ಎದ್ದು ನಿಂತು ಎರಡೂ ಕೈ ಮೇಲೆತ್ತಿದರು. ಆಫೀಸರಳ ಸೀಟಿ ಕೂಗಿತು, ಕೆಂಪು ಬಾವುಟ ಏರಿತು. "ಯಾರೂ ಏನೂ ಮುಟ್ಟಬೇಡಿ!"

ಆ ಗದ್ದಲದಲ್ಲಿ ಇಂಜಿನಿಯರ್ ಒಬ್ಬನೇ ಕುಣಿಯುತ್ತಿದ್ದ. "ಸರ್! ಸೂಪರ್ ಸರ್! ಇದೇ ಬೇಕಾಗಿತ್ತು, ರಿಯಲ್ ಬರ್ಸ್ಟ್! ಇನ್ನೊಂದ್ಸಲ ಮಾಡ್ತೀರಾ?"

"ಬಾಯಿ ಮುಚ್ಚಲೇ!" ಎಂದೆ. ನನಗೆ ಆಗಲೇ ಲೆಕ್ಕ ಹೊಳೆದಿತ್ತು. ಒಂದೊಂದೇ ಹಾರಬೇಕಾದ ಬಂದೂಕು ಸಾಲಾಗಿ ಹಾರಿದರೆ ಅದು ಇಲ್ಲಿ ಮೆಷಿನ್ ಗನ್ನೇ. ಬಿಚ್ಚಿ ಜೋಡಿಸಿದವರು ಬೇಕೆಂದೇ ಹಾಗೆ ಮಾಡಿದರೆಂದು ಯಾರಾದರೂ ಹೇಳಿದರೆ ಜೈಲು. ಹೇಳದಿದ್ದರೂ ಸೋಮವಾರದ ಬೆಂಚು ಹೋಯಿತು. ಆಫೀಸರ್ ಫೋನು ತರಲು ಒಳಗೆ ನಡೆದಳು. ನಾನು ಸುಬೇದಾರರ ಬಳಿ ಓಡಿದೆ.

"ಸುಬೇದಾರ್ರ, ಕೇಳ್ರಿ ಇಲ್ಲೆ. ಗುಂಡು ಹಳೇವು ಅನ್ರಿ. ನಾನ ಅಂಗಡ್ಯಾಗ ಬಿದ್ದಿದ್ದ ಪೆಟಿಗಿ ಅಗ್ಗಕ್ಕ ಬಿಡಿಸೀನಿ. ನನ್ನ ಮ್ಯಾಲೆ ಹಾಕ್ರಿ, ಯಾರಿಗೂ ಏನೂ ಆಗೂದಿಲ್ಲ."

ಅವರು ಬಂದೂಕಿನ ನೆತ್ತಿಯ ಬಾಯಿಯನ್ನೇ ನೋಡುತ್ತಿದ್ದರು. "ಅಕ್ಕಿ," ಎಂದರು.

"ಏನು?"

"ಒಳಗೆ ಅಕ್ಕಿ ಹೋಗಿದೆ. ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನ ತಡೆದು ನಿಲ್ಲಿಸೋ ಕೊಕ್ಕೆ ಇದೆಯಲ್ಲ, ಅದರ ಸಂದಿಗೆ. ಮೊದಲು ಮುಚ್ಚಳ ಹಾಕಿ ಪೂಜೆ ಮಾಡ್ಬೇಕು. ಮೂವತ್ತು ವರ್ಷ ಹಾಗೇ ಮಾಡಿದ್ದೇನೆ."

"ಮುಚ್ಚಳ ತೆಗದಿಡು ಅಂದಾಕಿ ಆ ಆಫೀಸರ್! ಹಂಗಂದ್ರ ಅಕಿದ ತಪ್ಪು. ಅದನ್ನ ಹೇಳ್ರಿ!"

ಆಗ ಅವರು ನನ್ನ ಕಡೆ ತಿರುಗಿದರು. "ಅವರು ತೆರೆದಿಡಿ ಅಂದ್ರು. ಅಕ್ಕಿ ಹಾಕಿ ಅಂದ್ರಾ?"

"ಹಂಗಾರ ಗುಂಡಿನ ಮಾತ ಹೇಳ್ರಿ. ಸೋಮವಾರ ಬೆಂಚು ಬೇಕೋ ಬ್ಯಾಡೋ?"

"ಬೇಕು," ಎಂದರು. "ಆದ್ರೆ ಗುಂಡು ಕೆಟ್ಟಿದೆ ಅಂದ್ರೆ ಇವರು ಬೇರೆ ಗುಂಡು ತುಂಬಿ ಮತ್ತೆ ನೋಡ್ತಾರೆ. ಪರೀಕ್ಷೆಗೆ ಇಬ್ಬರು ಹಾರಿಸ್ಬೇಕು ಅಂತ ಇದೆ. ಮುಂದಿನ ಮ್ಯಾಗಜೀನ್ ಈ ಮೇಡಮ್‌ದು. ಅಷ್ಟು ದೊಡ್ಡ ಕೋವಿ, ಗೊತ್ತಿಲ್ಲದೆ ಹಿಡಿದವರ ಕೈಯಲ್ಲಿ ಸಾಲಾಗಿ ಹಾರಿದ್ರೆ ನಳಿಗೆ ಎಲ್ಲಿ ತಿರುಗುತ್ತೆ ಸಾಹುಕಾರ್ರೇ? ನೀವು ಅಲ್ಲಿ ನಿಂತಿದ್ರಿ. ಆ ಹುಡುಗ ಇಲ್ಲಿ."

ಆಫೀಸರ್ ಬಂದಳು. ಅವರು ಅಟೆನ್ಷನ್ನಿಗೆ ನಿಂತು, ತಮ್ಮ ಇಂಗ್ಲಿಷಿನಲ್ಲಿ, ಅಕ್ಕಿಯ ವಿಷಯ ಹೇಳಿದರು. ಅವಳು ನಂಬಲಿಲ್ಲ. ಅಂಗಡಿಯ ಯಜಮಾನನನ್ನು ಕರೆಸಿದಳು. ಅವನು ಬಂದ ಮೇಲೆ, ಸುಬೇದಾರರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಯಲ್ಲಿ ಹೇಳುತ್ತ ಹೋದರು, ಅವನು ಬಿಚ್ಚುತ್ತ ಹೋದ. ಒಳಗೆ ಎಣ್ಣೆಯಲ್ಲಿ ಮೆತ್ತಗಾಗಿ, ಅರ್ಧ ಜಜ್ಜಿಹೋದ ಸೋನಾ ಮಸೂರಿಯ ಕಾಳು. ಯಜಮಾನ ಅದನ್ನು ಬೆರಳ ತುದಿಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಜೀಸಸ್," ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಂದೂಕನ್ನು ಪೊಲೀಸರು ಒಯ್ದರು. ಅದನ್ನು ಯಾರೂ ತಿದ್ದಿಲ್ಲ ಎಂದು ಕೊನೆಗೆ ಹೇಳಿದರು, ಯಾರ ಮೇಲೂ ಕೇಸಾಗಲಿಲ್ಲ. ಆದರೆ ರೇಂಜಿನವರು ಸುಬೇದಾರರನ್ನು ಒಳಗೆ ಬಿಡುವುದಿಲ್ಲ ಎಂದರು. ಯಜಮಾನ ತನ್ನ ಪರವಾನಗಿಗೆ ಹೆದರಿದ. ಅವನ ಜಾಗದಲ್ಲಿ ನಾನಿದ್ದರೂ ಹೆದರುತ್ತಿದ್ದೆ. ಅವರ ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದುಕೊಟ್ಟು, ಬಾಗಿಲಲ್ಲೇ ನಿಂತು ಹೋದನಂತೆ.

ಮಗಳು ಎಷ್ಟೋ ದಿನ ಅಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಒಂದು ದಿನ ಸುಮ್ನಿರೋಕೆ ಆಗ್ತಿರ್ಲಿಲ್ವಾ ಅಂಕಲ್ ಇವರಿಗೆ?" ಎಂದು ನನ್ನನ್ನು ಕೇಳಿದಳು. ಇಂಜಿನಿಯರ್ ಮಾತ್ರ ಆ ಸಾಲಿನ ಸದ್ದನ್ನು ಬಿಡಲಾರದೆ, ಬಳಸಿಕೊಳ್ಳಲೇ ಎಂದು ಫೋನಿನಲ್ಲಿ ಅವರ ಅಪ್ಪಣೆ ಕೇಳಿದ. ಸುಬೇದಾರರು ಯೋಚಿಸಿ ಹೇಳಿದರಂತೆ: "ಹಾಕ್ಕೊಳ್ಳಿ. ಆದ್ರೆ ಶತ್ರು ಕೈಯಲ್ಲಿರೋ ಕೋವಿಗೆ ಹಾಕಿ. ನಮ್ಮ ಕಡೆಯವರ ಕೋವಿ ಹಾಗೆ ಮಾಡ್ಬಾರ್ದು."

ಆಮೇಲೆ ಮಗಳಿಗೆ ಮೆಲ್ಬರ್ನಿನಲ್ಲಿ ಕೆಲಸವಾಗಿ, ವಿಂಡಮ್ ವೇಲಿನ ಹೊಸ ಬಡಾವಣೆಯಲ್ಲಿ ಮಾರ್ಟ್‌ಗೇಜ್ ಸಾಲ ಮಾಡಿ ಮನೆ ಕೊಂಡರು. ಗಾಳಿ, ಕೆಂಪು ಮಣ್ಣು, ಅರ್ಧ ಕಟ್ಟಿದ ಬೇಲಿಗಳು. ಸುಬೇದಾರರು ಗ್ಯಾರೇಜಿನಲ್ಲಿ ಅಕ್ಕಪಕ್ಕದವರ ಹುಲ್ಲು ಕತ್ತರಿಸುವ ಯಂತ್ರ ಬಿಚ್ಚುತ್ತ, ಜೋಡಿಸುತ್ತ, ಮತ್ತೆ ಬಿಚ್ಚುತ್ತ ಓಡಾಡಿಕೊಂಡಿದ್ದರು. ನಾನು ಹೋದಾಗಲೆಲ್ಲ ಆ ಶನಿವಾರದ ವಾದ ಮತ್ತೆ ಶುರುವಾಗುತ್ತಿತ್ತು. ಕಾಫಿ ಹಿಡಿದು ಅವರೂ ಓಡಾಡುವರು, ಅವರ ಹಿಂದೆ ನಾನೂ.

"ಆಫೀಸರ್‌ನ ಬ್ಯಾರೆ ಏನರ ಹೇಳಿ ತಡೀಬಹುದಿತ್ತು, ಕೆಲಸಾನೂ ಉಳೀತಿತ್ತು" ಎಂದು ನಾನು.

"ಏನು ಹೇಳ್ಬಹುದಿತ್ತು? ಹೇಳಿ" ಎಂದು ಅವರು. ನಿಜವಾಗಿಯೂ ತಿಳಿಯಬೇಕೆಂದೇ ಕೇಳುತ್ತಿದ್ದರು. ನನಗೆ ಒಂದೊಂದು ಸಲ ಒಂದೊಂದು ಹೊಳೆಯುತ್ತಿತ್ತು. ಅವರು ಪ್ರತಿಯೊಂದನ್ನೂ ತಿರುಗಿಸಿ ನೋಡಿ, "ಇದರಲ್ಲಿ ಇಲ್ಲಿ ಸಂದು ಇದೆ" ಎಂದು ವಾಪಸು ಕೊಡುತ್ತಿದ್ದರು.

ಕಳೆದ ವರ್ಷ ನನ್ನದೊಂದು ಹಳೆಯ ವ್ಯಾನು ಮಾರಲು ಅವರ ಮನೆಯ ಮುಂದೆ ನಿಲ್ಲಿಸಿದ್ದೆ. ಆ ಸಬರ್ಬಿನಲ್ಲಿ ಹೊಸ ಕುಟುಂಬಗಳು ಹೆಚ್ಚು, ಬೇಗ ಹೋಗುತ್ತದೆ. ಒಬ್ಬ ಪಂಜಾಬಿ ಹೆಂಡತಿ ಮಕ್ಕಳನ್ನು ಕರೆತಂದು ನೋಡಿ, ರೇಟು ಒಪ್ಪಿದ. ಕೈ ಕುಲುಕುವಷ್ಟರಲ್ಲಿ ಗ್ಯಾರೇಜಿನಿಂದ ಸುಬೇದಾರರ ಧ್ವನಿ: "ಭಾಯಿಸಾಬ್, ಇಸ್ಕಾ ಬ್ರೇಕ್ ಥೋಡಾ ಲೇಟ್ ಪಕಡ್ತಾ ಹೈ. ಪೆಹಲೇ ದಿಖಾ ಲೇನಾ." ಬ್ರೇಕು ತಡವಾಗಿ ಹಿಡಿಯುತ್ತದೆ ಎಂದು ಕೇಳಿದ್ದೇ ಅವನು ಹೆಂಡತಿಯ ಮುಖ ನೋಡಿದ, ಹೊರಟೇ ಹೋದ. ನಾನು ಸುಬೇದಾರರಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಸ್ಪ್ಯಾನರ್ ಹಿಡಿದು ಬಂದು, ವ್ಯಾನಿನ ಅಡಿ ತೂರಿಕೊಂಡು, ಕತ್ತಲಾಗುವವರೆಗೆ ಅದನ್ನು ಸರಿಮಾಡಿದರು. ಕೂಲಿ ಕೇಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ.

ಅವರು ಹೋದ ಮೇಲೆ ವಾದ ಮಾಡಲು ಎದುರಿಗೆ ಯಾರೂ ಇಲ್ಲ. ಕೂತಲ್ಲಿ ಕೂರಲಾಗುವುದಿಲ್ಲ. ವ್ಯಾನು ಓಡಿಸುವಾಗ ಇನ್ನೂ ಒಂದು ಉಪಾಯ ಹೊಳೆಯುತ್ತದೆ, ಅವರ ಹಾಗೆಯೇ ತಿರುಗಿಸಿ ನೋಡುತ್ತೇನೆ, ಎಲ್ಲೋ ಒಂದು ಸಂದು ಕಾಣುತ್ತದೆ.

ನಿಮಗೆ ಹೇಳುವುದು ಇಷ್ಟು. ಕಾರಿಗೋ ಯಂತ್ರಕ್ಕೋ ಪೂಜೆ ಮಾಡುವವರು ಧಾರಾಳವಾಗಿ ಮಾಡಿ. ಬಾಯಿ, ಸಂದು, ಮುಚ್ಚಳ ಏನಿದ್ದರೂ ಮೊದಲು ಮುಚ್ಚಿಕೊಳ್ಳಿ. ಮುಚ್ಚಬಾರದು ಎನ್ನುವ ನಿಯಮ ಇರುವ ಕಡೆ ಹೂ ಸಾಕು, ಅಕ್ಕಿ ಬೇಡ. ಆದರೂ ಏನಾದರೂ ಕೆಟ್ಟಿತೋ, ತಪ್ಪು ಯಾರದು, ಯಾರು ಎಷ್ಟು ಹೊರಬೇಕು ಎನ್ನುವ ಚೌಕಾಸಿಯನ್ನು ಆಮೇಲೆ ಇಟ್ಟುಕೊಳ್ಳಿ, ಅದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಆ ಕೆಟ್ಟ ವಸ್ತುವನ್ನು ಮುಂದೆ ಯಾರು ಕೈಗೆತ್ತಿಕೊಳ್ಳಲಿದ್ದಾರೆ ಎಂದು ಮೊದಲು ನೋಡಿ, ಹೋಗಿ ಅವರ ಕೈ ಹಿಡಿದು ತಡೆಯಿರಿ.